ಸಿಂಕ್ಲೇರ್ ಸೈಂಟಿಫಿಕ್: ಸೈನ್ ಕಂಡುಹಿಡಿಯೋಕೆ ಇಷ್ಟು ಹೊತ್ತಾ? ಕೆಟ್ಟಿದೆಯೋ, ಇದರ ಸ್ವಭಾವವೇ ಹೀಗೋ?

ರೆಡಿಂಗ್‌ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾರ್ ಬೂಟ್ ಸೇಲ್‌ಗೆ ಹೋಗಿದ್ದೆ. ಜನ ಮನೆಯ ಹಳೇ ಸಾಮಾನನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಬಂದು ಮೈದಾನದಲ್ಲಿ ಹರಡಿ ಮಾರುತ್ತಾರೆ, ನಮ್ಮ ಸಂತೆ ಇದ್ದ ಹಾಗೆ. ಒಬ್ಬ ಅಜ್ಜನ ಟೇಬಲ್ ಮೇಲೆ ಚಮಚಗಳ ಮಧ್ಯೆ ಒಂದು ಸಿಂಕ್ಲೇರ್ ಸೈಂಟಿಫಿಕ್, ಅಂದರೆ ಎಪ್ಪತ್ತರ ದಶಕದ ಜೇಬಿನ ಕ್ಯಾಲ್ಕುಲೇಟರ್, ಬಿದ್ದಿತ್ತು. 12 ಪೌಂಡ್ ಕೊಟ್ಟು ತಂದೆ. ಎಂಥ ಮುದ್ದಾದ ವಸ್ತು ಗೊತ್ತಾ, 11 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಬರೀ 18 ಕೀಲಿ. ಬ್ಯಾಟರಿ ಹಾಕಿದೆ, ಕೆಂಪು ಅಂಕೆಗಳು ಬೆಳಗಿದವು. ಖುಷಿಯೋ ಖುಷಿ.

ಖುಷಿ ಐದು ನಿಮಿಷ. ಸೈನ್ 30 ನೋಡೋಣ ಅಂತ 3, 0 ಒತ್ತಿ, ಬಾಣದ ಕೀಲಿ ಒತ್ತಿ, ಸೈನ್ ಒತ್ತಿದೆ. ಯೋಚನೆ ಮಾಡುತ್ತಾ ಕೂತಿತು. ಆಮೇಲೆ ಏನೋ ತಲೆಬುಡ ಇಲ್ಲದ ಉತ್ತರ ಕೊಟ್ಟಿತು, 0.5 ಅಂತೂ ಅಲ್ಲ. ಅಷ್ಟೇ ಅಲ್ಲ, ಇದರಲ್ಲಿ ಸಮ ಚಿಹ್ನೆಯ ಕೀಲಿ ಇಲ್ಲ, ದಶಮಾಂಶದ ಚುಕ್ಕೆ ಕೀಲಿಯೂ ಇಲ್ಲ! ಯಾರೋ ಕಿತ್ತುಹಾಕಿದ್ದಾರೆ ಅಂತ ಮೊದಲು ಅಂದುಕೊಂಡೆ, ಆದರೆ ಅದಕ್ಕೆ ಜಾಗವೇ ಇಲ್ಲ. ಚಿಪ್ ಹೋಗಿದೆಯಾ? ಗೊತ್ತಿದ್ದವರು ಹೇಳಿ.

ಸೋಲ್ಡರ್‌ಸುಬ್ಬ:
ಚಿಪ್ ಹೋಗಿಲ್ಲ ಸ್ವಾಮಿ. ನೀವು ಕೇಳಿದ ಪ್ರಶ್ನೆ ತಪ್ಪು, ಅದು ಪಾಪ ಅದಕ್ಕೇ ಉತ್ತರ ಕೊಟ್ಟಿದೆ.

ಎರಡು ವಿಷಯ. ಒಂದು, ಅದರಲ್ಲಿ ಚುಕ್ಕೆ ಯಾವಾಗಲೂ ಮೊದಲ ಅಂಕೆಯ ಪಕ್ಕದಲ್ಲೇ ಇರುತ್ತದೆ. ನೀವು 3, 0 ಒತ್ತಿದರೆ ಅದಕ್ಕೆ ಅದು 3.0. ಮೂವತ್ತು ಬೇಕು ಅಂದರೆ 3, ಆಮೇಲೆ ಇ (ಘಾತದ ಕೀಲಿ), ಆಮೇಲೆ 1 ಒತ್ತಬೇಕು. ಮೂರು ಗುಣಿಸು ಹತ್ತರ ಘಾತ ಒಂದು ಅಂತ. ಎರಡು, ಅದಕ್ಕೆ ಡಿಗ್ರಿ ಗೊತ್ತಿಲ್ಲ, ಕೋನದ ಇನ್ನೊಂದು ಅಳತೆ ರೇಡಿಯನ್ ಮಾತ್ರ, ಅದೂ ಸೊನ್ನೆಯಿಂದ ಪೈ ಭಾಗಿಸು 2ರ ತನಕ. ಅಂದರೆ ನೀವು 3 ರೇಡಿಯನ್‌ಗೆ ಸೈನ್ ಕೇಳಿದ್ದೀರಿ, ಅದು ಅದರ ಬೇಲಿಯಿಂದ ಆಚೆ.

ಮುಖದ ಮೇಲೆ ಕೆಲವು ಸಂಖ್ಯೆ ಅಚ್ಚು ಹಾಕಿರಬೇಕು ನೋಡಿ, 3.14159, 57.29578, 2.71828, 2.30259. ಅಲಂಕಾರಕ್ಕಲ್ಲ. 57.29578 ಅಂದರೆ ಒಂದು ರೇಡಿಯನ್‌ಗೆ ಎಷ್ಟು ಡಿಗ್ರಿ ಅನ್ನೋದು. ಡಿಗ್ರಿಯನ್ನು ಅದರಿಂದ ಭಾಗಿಸಿ ರೇಡಿಯನ್ ಮಾಡಿಕೊಳ್ಳುವ ಕೆಲಸ ನಿಮ್ಮದು. ಈ ಸಂಖ್ಯೆಗಳನ್ನು ಚಿಪ್ ಒಳಗೆ ಇಡೋಕೆ ಜಾಗ ಇರಲಿಲ್ಲ, ಅದಕ್ಕೇ ಡಬ್ಬದ ಮೇಲೆ ಬರೆದರು. ನನಗಂತೂ ಇಡೀ ಯಂತ್ರದಲ್ಲಿ ಇದೇ ಇಷ್ಟ. ಮೆಮೊರಿ ಸಾಲದಿದ್ದರೆ ಪ್ಲಾಸ್ಟಿಕ್ ಮೇಲೆ ಬರಿ!

ರೆಡಿಂಗ್‌ಕನ್ನಡಿಗ:
ಅಯ್ಯೋ! ಹೌದು, ಅಚ್ಚು ಇದೆ. ಬ್ರಾಂಡಿನ ಶೋಕಿ ಅಂದುಕೊಂಡಿದ್ದೆ. ಮತ್ತೆ ಸಮ ಚಿಹ್ನೆ?

ಸೋಲ್ಡರ್‌ಸುಬ್ಬ:
ಅದು ಆರ್‌ಪಿಎನ್, ಅಂದರೆ ರಿವರ್ಸ್ ಪಾಲಿಶ್ ನೊಟೇಶನ್. ಮೊದಲು ಸಂಖ್ಯೆಗಳು, ಆಮೇಲೆ ಏನು ಮಾಡಬೇಕು ಅನ್ನೋದು. ಸಿ ಒತ್ತಿ ಸೊನ್ನೆ ಮಾಡಿ. 3 ಇ 1 ಆದಮೇಲೆ ಕೂಡು ಚಿಹ್ನೆ ಒತ್ತಿ. ಒಳಗೆ ಸೊನ್ನೆ ಇತ್ತಲ್ಲ, ಅದಕ್ಕೆ ಮೂವತ್ತು ಕೂಡಿತು ಅಂತ ಲೆಕ್ಕ. ಆಮೇಲೆ 5, 7, 2, 9, 6, ಇ, 1, ಆಮೇಲೆ ಭಾಗಾಕಾರ. 0.5236 ಬರುತ್ತದೆ. ಈಗ ಬಾಣ, ಸೈನ್. ಟೀ ಕುಡಿದು ಬನ್ನಿ.

ರೆಡಿಂಗ್‌ಕನ್ನಡಿಗ:
ಬಂತು! ಕೊನೇ ಅಂಕೆಯನ್ನು ಹಿಡಿದು ಜಗ್ಗಾಡದಿದ್ದರೆ 0.5 ಸರಿಯಾಗೇ ಬಂತು. ಆದರೂ ಇಷ್ಟು ನಿಧಾನ ಯಾಕೆ? ಸಣ್ಣ ಕೋನಕ್ಕೆ ಬೇಗ ಬರುತ್ತದೆ, ದೊಡ್ಡ ಕೋನಕ್ಕೆ ಜಾಸ್ತಿ ಹೊತ್ತು. 0.1ಕ್ಕೂ 1.5ಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇದೇನು, ಹೆಜ್ಜೆ ಎಣಿಸುತ್ತಾ ಹೋಗುತ್ತಾ?

ತುಮಕೂರ್‌ಟ್ರಾನ್ಸಿಸ್ಟರ್:
ಹೆಜ್ಜೆ ಎಣಿಸುತ್ತಾ ಅಂತ ತಮಾಷೆಗೆ ಕೇಳಿದಿರಿ, ಆದರೆ ನಿಜವಾಗಿ ಅದೇ ಮಾಡುತ್ತದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಉದ್ದ ಆಗುತ್ತದೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ. 1972ರಲ್ಲಿ ಅಮೆರಿಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 ಬಂತು, ಜೇಬಿನಲ್ಲಿ ಹಿಡಿಸುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್. ಬೆಲೆ 395 ಡಾಲರ್. ಒಳಗೆ ಐದು ದೊಡ್ಡ ಎಂಒಎಸ್ ಚಿಪ್, ಅದರಲ್ಲಿ ಮೂರು ರೋಮ್, ಅಂದರೆ ಸೂಚನೆಗಳನ್ನು ಅಳಿಸದ ಹಾಗೆ ಬರೆದಿಟ್ಟ ಮೆಮೊರಿ, ಒಟ್ಟು 768 ಸೂಚನೆ. ಎರಡು ವರ್ಷದ ನಂತರ, 1974ರಲ್ಲಿ, ಕ್ಲೈವ್ ಸಿಂಕ್ಲೇರ್ ತನ್ನದನ್ನು 49.95 ಪೌಂಡ್‌ಗೆ ತಂದರು. ಒಂದೇ ಒಂದು ಚಿಪ್. ಅದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್‌0805, ಕೂಡು, ಕಳೆ, ಗುಣಿಸು, ಭಾಗಿಸು ಅಂತ ನಾಲ್ಕೇ ಕೆಲಸಕ್ಕೆ ಮಾಡಿದ ಅಂಗಡಿ ಲೆಕ್ಕದ ಚಿಪ್‌ಗಳ ಜಾತಿಯದು. ಅದರ ರೋಮ್‌ನಲ್ಲಿ 320 ಸೂಚನೆಗೆ ಮಾತ್ರ ಜಾಗ. ಹಾರ್ಡ್‌ವೇರ್ ಮುಟ್ಟುವ ಹಾಗಿಲ್ಲ, ಆ 320 ಸಾಲು ಮಾತ್ರ ನಿಮ್ಮವು. ಅದರಲ್ಲೇ ನಾಲ್ಕು ಲೆಕ್ಕ, ಸೈನ್, ಕೊಸೈನ್, ಟ್ಯಾನ್, ಅವುಗಳ ತಿರುಗುಮುರುಗು, ಲಾಗ್, ಆಂಟಿಲಾಗ್, ಜೊತೆಗೆ ಕೀಲಿ ಓದುವುದು, ಡಿಸ್‌ಪ್ಲೇ ತೋರಿಸುವುದು, ಎಲ್ಲ ಹಿಡಿಸಬೇಕು.

ಇದನ್ನು ಬರೆದವರು ಸಿಂಕ್ಲೇರ್ ಕಂಪನಿಯ ನೈಜೆಲ್ ಸರ್ಲ್. 320 ಸಾಲು ಎಷ್ಟು ಕಮ್ಮಿ ಅಂದರೆ, ನಾನು ಆಫೀಸಿನಲ್ಲಿ ಒಂದು ಲಾಗಿನ್ ಪುಟಕ್ಕೆ ಅದಕ್ಕಿಂತ ಜಾಸ್ತಿ ಬರೆಯುತ್ತೇನೆ, ಅದೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಈಗ ಸೈನ್ ವಿಷಯ. ಒಂದು ಗಡಿಯಾರದ ಮುಳ್ಳು ಇದೆ ಅಂದುಕೊಳ್ಳಿ, ಉದ್ದ 1, ಬಲಕ್ಕೆ ಅಡ್ಡ ಮಲಗಿದೆ. ಅದರ ತುದಿ ಎಷ್ಟು ಎತ್ತರದಲ್ಲಿದೆ ಅನ್ನೋದು ಸೈನ್, ಎಷ್ಟು ಅಡ್ಡಕ್ಕಿದೆ ಅನ್ನೋದು ಕೊಸೈನ್. ಶುರುವಿನಲ್ಲಿ ಎತ್ತರ 0, ಅಡ್ಡ 1. ಮುಳ್ಳನ್ನು 0.001 ರೇಡಿಯನ್ ಮೇಲಕ್ಕೆ ತಿರುಗಿಸಬೇಕು. ಅಷ್ಟು ಸಣ್ಣ ತಿರುವಿಗೆ ಲೆಕ್ಕ ಸುಲಭ: ಎತ್ತರಕ್ಕೆ ಅಡ್ಡದ ಸಾವಿರದ ಒಂದು ಪಾಲು ಕೂಡಿ, ಅಡ್ಡದಿಂದ ಎತ್ತರದ ಸಾವಿರದ ಒಂದು ಪಾಲು ಕಳೆಯಿರಿ. ಮುಗಿಯಿತು. 0.5236 ರೇಡಿಯನ್ ಬೇಕಾ, ಸುಮಾರು 523 ಸಲ ಇದನ್ನೇ ಮಾಡಿ. 1.5 ಬೇಕಾ, 1500 ಸಲ.

ಇದರಲ್ಲಿ ಗುಟ್ಟು ಏನು ಅಂದರೆ ಆ ಚಿಪ್ ಒಳಗೆ ಎರಡರ ಲೆಕ್ಕ ಇಲ್ಲ, ಹತ್ತರ ಲೆಕ್ಕವೇ, ಅಂಕೆ ಅಂಕೆಯಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಸಾವಿರದಿಂದ ಭಾಗಿಸುವುದು ಅಂದರೆ ಅಂಕೆಗಳನ್ನು ಮೂರು ಮನೆ ಬಲಕ್ಕೆ ತಳ್ಳುವುದು, ಅಷ್ಟೇ. ಭಾಗಾಕಾರ ಇಲ್ಲ, ಗುಣಾಕಾರ ಇಲ್ಲ. ತಳ್ಳು, ಕೂಡು, ತಳ್ಳು, ಕಳೆ. ನಾಲ್ಕು ಲೆಕ್ಕದ ಅಂಗಡಿ ಚಿಪ್‌ಗೆ ಇದು ಚೆನ್ನಾಗೇ ಬರುತ್ತದೆ. ಆರ್ಕ್ ಲೆಕ್ಕ, ಅಂದರೆ ಸೈನ್‌ನಿಂದ ತಿರುಗಿ ಕೋನ, ಬೇಕಾದರೆ ಅದೇ ಸುತ್ತಾಟ, ಆದರೆ ಗುರಿ ಮುಟ್ಟುವ ತನಕ ತಿರುಗಿಸಿ ಎಷ್ಟು ಹೆಜ್ಜೆ ಆಯಿತು ಅಂತ ಎಣಿಸಿದರೆ ಅದೇ ಉತ್ತರ.

ಮೇಷ್ಟ್ರು_ನಿವೃತ್ತ:
ಕ್ಷಮಿಸಿ, ನಾನು ಗಣಿತ ಪಾಠ ಮಾಡಿದವನು. ಇದನ್ನು ಜಾಣತನ ಅನ್ನೋದಕ್ಕೆ ನನಗೆ ಮನಸ್ಸು ಬರುತ್ತಿಲ್ಲ. ಐದಂಕಿ ತೋರಿಸಿ ಅದರಲ್ಲಿ ಮೂರೋ ನಾಲ್ಕೋ ಸರಿ ಇದ್ದರೆ ಉಳಿದ ಅಂಕೆ ಸುಳ್ಳು ಹೇಳಿದ ಹಾಗೆ ಅಲ್ವಾ? ನಮ್ಮ ನಾಲ್ಕಂಕಿ ಲಾಗ್ ಟೇಬಲ್ ಎಷ್ಟೋ ಮೇಲು. ಅದರಲ್ಲಿ ಇದ್ದಷ್ಟು ಸರಿ ಇರುತ್ತಿತ್ತು, ಬ್ಯಾಟರಿಯೂ ಬೇಡ.

ಸೇತುವೆಇಂಜಿನಿಯರ್:
ಮೇಷ್ಟ್ರೇ, ನಾನು ಎಪ್ಪತ್ತರ ದಶಕದಲ್ಲಿ ಸಿವಿಲ್ ಓದಿದವನು. ಸ್ಲೈಡ್ ರೂಲ್, ಅಂದರೆ ಜಾರಿಸಿ ಲೆಕ್ಕ ಓದುವ ಪಟ್ಟಿ, ಹಿಡಿದು ಬೀಮ್ ಲೆಕ್ಕ ಮಾಡಿದ್ದೇವೆ. ಅದರಲ್ಲಿ ಎಷ್ಟು ಅಂಕೆ ಓದುತ್ತಿದ್ದೆವು ಹೇಳಿ? ಮೂರು. ಕಣ್ಣು ಚೆನ್ನಾಗಿದ್ದರೆ, ಗೆರೆಯ ಎಡ ತುದಿಯಲ್ಲಿ, ನಾಲ್ಕು. ಕಾಂಕ್ರೀಟೇ ಅಷ್ಟು ನಿಖರವಾಗಿ ಬರುವುದಿಲ್ಲ. ನಾಲ್ಕಂಕಿ ಸರಿಯಾಗಿ ಕೊಡುವ, ಘಾತವನ್ನೂ ತಾನೇ ನೋಡಿಕೊಳ್ಳುವ ಯಂತ್ರ ಸಿಕ್ಕಿದ್ದರೆ ನಾವು ಕುಣಿಯುತ್ತಿದ್ದೆವು. ಸ್ಲೈಡ್ ರೂಲ್‌ನಲ್ಲಿ ಚುಕ್ಕೆ ಎಲ್ಲಿ ಬರುತ್ತದೆ ಅನ್ನೋದು ನಮ್ಮ ತಲೆಯಲ್ಲೇ ಇರಬೇಕಿತ್ತು. ಒಂದು ಸಲ ನಾನು ಒಂದು ಸೊನ್ನೆ ತಪ್ಪಿ ತೊಲೆಯನ್ನು ಹತ್ತು ಪಟ್ಟು ದಪ್ಪ ಮಾಡಿದ್ದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ, ದೇವರ ದಯೆ.

ಮೇಷ್ಟ್ರು_ನಿವೃತ್ತ:
ಸರಿ, ಇಂಜಿನಿಯರಿಗೆ ನಡೆಯುತ್ತದೆ ಅನ್ನೋಣ. ಆದರೆ ಹೆಜ್ಜೆ ಹೆಜ್ಜೆಗೂ ಸಣ್ಣ ತಪ್ಪು ಸೇರುತ್ತದಲ್ಲ? ಸಾವಿರ ಸಲ ಮಾಡಿದರೆ ತಪ್ಪು ಎಷ್ಟು ಬೆಳೆಯುತ್ತದೆ? ಯಾರಾದರೂ ಲೆಕ್ಕ ಹಾಕಿದ್ದೀರಾ, ಇಲ್ಲ ಸುಮ್ನೆ ಹೊಗಳುತ್ತಿದ್ದೀರಾ?

ತುಮಕೂರ್‌ಟ್ರಾನ್ಸಿಸ್ಟರ್:
ಮೇಷ್ಟ್ರು ಹಿಡಿದರೆ ಬಿಡುವುದಿಲ್ಲ. ಈಗ ತಾನೇ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ನೋಡಿದೆ. ಇದು ಚಿಪ್‌ನ ಒಳಗಿನ ಕೋಡ್ ಅಲ್ಲ, ಅದರ ಉಪಾಯ ಮಾತ್ರ. 0.5 ರೇಡಿಯನ್, 500 ಹೆಜ್ಜೆ.

ಮೊದಲ ಸಲ ಎತ್ತರ, ಅಡ್ಡ ಎರಡನ್ನೂ ಹಳೇ ಬೆಲೆಯಿಂದಲೇ ಬದಲಾಯಿಸಿದೆ. ಸೈನ್ 0.47955, ಕೊಸೈನ್ 0.87780 ಬಂತು. ಸರಿ ಉತ್ತರ 0.47943, 0.87758. ಅಂದರೆ ಮುಳ್ಳು ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಉದ್ದ ಆಗುತ್ತಾ ಹೋಗುತ್ತದೆ, ವೃತ್ತದ ಬದಲು ಸುರುಳಿ.

ಆಮೇಲೆ ಕ್ರಮ ಸ್ವಲ್ಪ ಬದಲಾಯಿಸಿದೆ. ಮೊದಲು ಎತ್ತರ ಹೊಸದು ಮಾಡಿ, ಆ ಹೊಸ ಎತ್ತರದಿಂದಲೇ ಅಡ್ಡ ಕಳೆದೆ. ಈಗ ಸೈನ್ 0.47943, ಐದಂಕಿಗೂ ಸರಿ! ಕೊಸೈನ್ ಮಾತ್ರ 0.87734, ಸ್ವಲ್ಪ ಕಮ್ಮಿ. ಮುಳ್ಳು ಉದ್ದ ಆಗುವುದು ನಿಂತಿತು, ಆದರೆ ಕೊಸೈನ್ ಅರ್ಧ ಹೆಜ್ಜೆ ಮುಂದೆ ಓಡಿರುತ್ತದೆ. ಇದರಲ್ಲಿ ಇನ್ನೊಂದು ತಮಾಷೆ ನೋಡಿ, ಹಳೇ ಬೆಲೆ ಬೇರೆ ಕಡೆ ನಕಲು ಮಾಡಿ ಇಡುವ ಕೆಲಸವೇ ಇಲ್ಲ, ಒಂದು ರಿಜಿಸ್ಟರ್ (ಚಿಪ್ ಒಳಗೆ ಸಂಖ್ಯೆ ಇಡುವ ಜಾಗ) ಉಳಿಯಿತು. ಆ ಚಿಪ್‌ನಲ್ಲಿ ಇದ್ದದ್ದೇ ಮೂರು ರಿಜಿಸ್ಟರ್, ತಲಾ 11 ಅಂಕೆ.

ಮೇಷ್ಟ್ರು_ನಿವೃತ್ತ:
ಹ್ಞೂಂ. ಸುರುಳಿ ಅಂದಿರಲ್ಲ, ಅದು ಚೆನ್ನಾಗಿದೆ. ಪಿಯುಸಿ ಮಕ್ಕಳಿಗೆ ಹೀಗೆ ತೋರಿಸಬಹುದಿತ್ತು. ಲಾಗ್ ಹೇಗೆ ಮಾಡುತ್ತದೆ?

ತುಮಕೂರ್‌ಟ್ರಾನ್ಸಿಸ್ಟರ್:
ಅದೇ ಜಿಪುಣತನ. 0.99ರಿಂದ ಗುಣಿಸುವುದು ಅಂದರೆ ಸಂಖ್ಯೆಯಿಂದ ಅದರ ನೂರನೇ ಒಂದು ಪಾಲು ಕಳೆಯುವುದು. ನೂರನೇ ಪಾಲು ಅಂದರೆ ಎರಡು ಮನೆ ಬಲಕ್ಕೆ ತಳ್ಳು. ಹೀಗೆ ಒಂದರಿಂದ ಶುರು ಮಾಡಿ 229 ಸಲ ಮಾಡಿದರೆ ಹೆಚ್ಚು ಕಮ್ಮಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ನೀವೇ ಹಾಕಿ ನೋಡಿ, 0.1001 ಬರುತ್ತದೆ. ಹಾಗಾದರೆ ಎಷ್ಟು ಸಲ ಇಳಿಸಿದೆ ಅಂತ ಎಣಿಸಿದರೆ ಲಾಗ್ ಸಿಕ್ಕಿತಲ್ಲ. ಕೊನೆಯಲ್ಲಿ ಉಳಿಯುವ ಚೂರಿಗೆ ಸಣ್ಣ ತಿದ್ದುಪಡಿ. ಟೇಬಲ್ ಇಲ್ಲ, ಉದ್ದದ ಸರಣಿ ಇಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಕೆನ್ ಶಿರಿಫ್ ಅನ್ನುವ ಅಮೆರಿಕದ ಇಂಜಿನಿಯರ್ 2013ರಲ್ಲಿ ಆ ರೋಮ್‌ನ ಪ್ರತಿ ಸೂಚನೆಯನ್ನೂ ಬಿಡಿಸಿ, ಬ್ರೌಸರಿನಲ್ಲೇ ಓಡುವ ಸಿಮ್ಯುಲೇಟರ್ ಮಾಡಿಟ್ಟಿದ್ದಾರೆ. ಒಂದೊಂದೇ ಹೆಜ್ಜೆ ಓಡಿಸಿ ಅಂಕೆಗಳು ಸರಿಯುವುದನ್ನು ನೋಡಬಹುದು. ನಾನು ಒಂದು ಇಡೀ ಶನಿವಾರ ಕಳೆದುಕೊಂಡೆ, ಮನೆಯಲ್ಲಿ ಬೈಸಿಕೊಂಡೆ.

ಹಳ್ಳಿಹೈದ_ಸ್ಯಾನ್‌ಹೊಸೆ:
ನಾನು ಎಚ್‌ಪಿ ಕಡೆಯವನು, ಹಾಗಾಗಿ ಜಗಳಕ್ಕೆ ಬಂದೆ 😄 ನನ್ನ ಬಳಿ ಒಂದು ಎಚ್‌ಪಿ-35 ಇದೆ, ಇವತ್ತಿಗೂ ನಡೆಯುತ್ತದೆ. ಅದೂ ತಿರುಗಿಸುವ ಲೆಕ್ಕವೇ ಮಾಡುವುದು, ಹೆಸರು ಕಾರ್ಡಿಕ್. 1950ರ ದಶಕದ ಕೊನೆಯಲ್ಲಿ ಜ್ಯಾಕ್ ವೋಲ್ಡರ್ ಅನ್ನುವವರು ಬಾಂಬರ್ ವಿಮಾನದ ದಿಕ್ಕು ಹಿಡಿಯುವ ಕಂಪ್ಯೂಟರಿಗೆ ಅಂತ ಕಂಡುಹಿಡಿದದ್ದು. ಎಚ್‌ಪಿಯಲ್ಲಿ ಡೇವ್ ಕೊಕ್ರನ್ ಅದನ್ನು ಹತ್ತರ ಲೆಕ್ಕಕ್ಕೆ ಹೊಂದಿಸಿ ಆ 768 ಸೂಚನೆಯೊಳಗೆ ತುರುಕಿದರು.

ವ್ಯತ್ಯಾಸ ಹೇಳುತ್ತೇನೆ. ನೀವು ಅಂಗಡಿಯಲ್ಲಿ 523 ರೂಪಾಯಿ ಕೊಡಬೇಕು. ಎಚ್‌ಪಿ ಐದು ನೂರರ ನೋಟು, ಎರಡು ಹತ್ತರ ನೋಟು, ಮೂರು ಒಂದರ ನಾಣ್ಯ ಎಣಿಸಿ ಕೊಡುತ್ತದೆ. ಮೊದಲು ದೊಡ್ಡ ಕೋನದಲ್ಲಿ ತಿರುಗಿಸು, ಆಮೇಲೆ ಅದರ ಹತ್ತನೇ ಪಾಲಿನಷ್ಟು, ಆಮೇಲೆ ನೂರನೇ ಪಾಲಿನಷ್ಟು. ಸಿಂಕ್ಲೇರ್ 523 ಒಂದು ರೂಪಾಯಿ ನಾಣ್ಯ ಟೇಬಲ್ ಮೇಲೆ ಸುರಿದು ಒಂದೊಂದಾಗಿ ಎಣಿಸುತ್ತದೆ. ಆದರೆ ಎಚ್‌ಪಿಗೆ ಆ ನೋಟುಗಳನ್ನು ಇಡೋಕೆ ಪರ್ಸ್ ಬೇಕು, ಅಂದರೆ ಆ ಕೋನಗಳ ಬೆಲೆಯನ್ನೆಲ್ಲ ರೋಮ್‌ನಲ್ಲಿ ಬರೆದಿಡಬೇಕು. ಸಿಂಕ್ಲೇರ್‌ಗೆ ಪರ್ಸೇ ಇಲ್ಲ.

ರೆಡಿಂಗ್‌ಕನ್ನಡಿಗ:
ಈಗ ಪೂರ್ತಿ ಅರ್ಥ ಆಯಿತು. ಎಚ್‌ಪಿ-35 ಒಳಗೆ ಹೇಗಿದೆ? ಬಿಚ್ಚಿದ್ದೀರಾ?

ಹಳ್ಳಿಹೈದ_ಸ್ಯಾನ್‌ಹೊಸೆ:
ಬಿಚ್ಚದೇ ಇರುತ್ತೇನಾ? ಎಚ್‌ಪಿ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ಹ್ಯೂಲೆಟ್ ಕೊಟ್ಟ ಅಳತೆ ಶರ್ಟಿನ ಜೇಬು. ಅದಕ್ಕೆ ಮೊದಲು ಅವರದೇ 9100ಎ ಅಂತ ಇತ್ತು, 1968ದು, ಮೇಜಿನ ಮೇಲೆ ಇಡುವಂಥದ್ದು, ಎತ್ತೋಕೆ ಸೊಂಟ ಗಟ್ಟಿ ಇರಬೇಕು. ಅದನ್ನು ಜೇಬಿಗೆ ಇಳಿಸಿ ಅಂದರು. ಮಾರುಕಟ್ಟೆ ಸಮೀಕ್ಷೆ ಮಾಡಿಸಿದರೆ ಇಷ್ಟು ಬೆಲೆಗೆ ಹೋಗುವುದಿಲ್ಲ ಅಂತ ಬಂತು. ಆದರೂ ಮಾಡಿದರು, ಮೊದಲ ವರ್ಷವೇ ಒಂದು ಲಕ್ಷ ಮಾರಾಟ ಆಯಿತು. ಹೆಸರಿನ 35 ಅಂದರೆ ಬೇರೇನಲ್ಲ, 35 ಕೀಲಿ.

ನನಗೆ ಅದರಲ್ಲಿ ಲೆಕ್ಕಕ್ಕಿಂತ ಕೀಲಿ ಇಷ್ಟ. ಪ್ರತಿ ಕೀಲಿಯ ಮೇಲಿನ ಅಕ್ಷರ ಬಣ್ಣ ಬಳಿದದ್ದಲ್ಲ. ಎರಡು ಬಣ್ಣದ ಪ್ಲಾಸ್ಟಿಕ್ ಒಂದರೊಳಗೊಂದು ಅಚ್ಚು ಹೊಯ್ದದ್ದು. ಐವತ್ತು ವರ್ಷ ಒತ್ತಿದರೂ ಅಳಿಸುವುದಿಲ್ಲ, ಕೀಲಿ ಸವೆದಷ್ಟೂ ಒಳಗೂ ಅದೇ ಅಕ್ಷರ. ಕೆಳಗೆ ಬಾಗಿದ ಲೋಹದ ಪಟ್ಟಿ. ಒತ್ತುತ್ತಾ ಹೋದರೆ ಸ್ವಲ್ಪ ತಡೆಯುತ್ತದೆ, ಒಂದು ಹಂತದಲ್ಲಿ ಟಕ್ ಅಂತ ಕೆಳಗೆ ಜಾರುತ್ತದೆ. ಎಣ್ಣೆ ಡಬ್ಬದ ತಳ ಒತ್ತಿದಾಗ ಟಪ್ ಅನ್ನುತ್ತಲ್ಲ, ಅದೇ. ಒತ್ತಿದ್ದು ತಗುಲಿತಾ ಅಂತ ಡಿಸ್‌ಪ್ಲೇ ನೋಡಬೇಕಾಗಿಲ್ಲ, ಬೆರಳಿಗೇ ಗೊತ್ತಾಗುತ್ತದೆ. ಎಲ್‌ಇಡಿ ಅಂಕೆಗಳು ನಿಜಕ್ಕೆ ತುಂಬ ಸಣ್ಣವು, ಪ್ರತಿಯೊಂದರ ಮೇಲೂ ಗುಳ್ಳೆಯಂಥ ಮಸೂರ. ಅದನ್ನು ಬೆಳಗಿಸೋಕೆ ರೆಸಿಸ್ಟರ್‌ನಲ್ಲಿ ಕರೆಂಟ್ ಸುಡುವ ಬದಲು ಪುಟ್ಟ ಕಾಯಿಲ್‌ಗಳಲ್ಲಿ ಶಕ್ತಿ ತುಂಬಿ ಎಲ್‌ಇಡಿಗೆ ಬಿಡುತ್ತಾರೆ, ಬ್ಯಾಟರಿ ಉಳಿಯಲಿ ಅಂತ.

ಮೇಷ್ಟ್ರು_ನಿವೃತ್ತ:
ಅದರಲ್ಲಾದರೂ ತಪ್ಪು ಉತ್ತರ ಇಲ್ಲವಲ್ಲ.

ಹಳ್ಳಿಹೈದ_ಸ್ಯಾನ್‌ಹೊಸೆ:
ಇತ್ತು ಮೇಷ್ಟ್ರೇ 🙂 ಮೊದಮೊದಲ ಎಚ್‌ಪಿ-35ರಲ್ಲಿ 2.02ಕ್ಕೆ ನ್ಯಾಚುರಲ್ ಲಾಗ್ ತೆಗೆದು, ತಿರುಗಿ ಇ ಘಾತ (ಆ ಲಾಗ್‌ನ ತಿರುಗುಮುರುಗು) ಒತ್ತಿದರೆ 2.02 ಬರಬೇಕಲ್ವಾ, 2 ಬರುತ್ತಿತ್ತು. ಚಿಪ್‌ಗಳು ಆಗಲೇ ಜನರ ಜೇಬು ಸೇರಿದ್ದವು. ಕಂಪನಿ ಮುಚ್ಚಿಡಲಿಲ್ಲ, ಬೇಕಾದವರಿಗೆ ಬದಲಾಯಿಸಿ ಕೊಟ್ಟಿತು. ಈಗ ಆ ತಪ್ಪು ಇರುವ ಪೀಸನ್ನೇ ಸಂಗ್ರಹಕಾರರು ಜಾಸ್ತಿ ದುಡ್ಡು ಕೊಟ್ಟು ಹುಡುಕುತ್ತಾರೆ. ನನ್ನದು ಸರಿ ಉತ್ತರ ಕೊಡುತ್ತದೆ, ದುರದೃಷ್ಟ.

ಸೇತುವೆಇಂಜಿನಿಯರ್:
ಒಂದು ಅನುಮಾನ. ಆರ್‌ಪಿಎನ್ ಇಬ್ಬರೂ ಯಾಕೆ ಹಿಡಿದರು? ಜನರಿಗೆ ಹೇಳಿಕೊಡುವುದು ಕಷ್ಟ ಅಲ್ವಾ?

ಸೋಲ್ಡರ್‌ಸುಬ್ಬ:
ಕಾರಣ ಬೇರೆ ಬೇರೆ. ಎಚ್‌ಪಿಯಲ್ಲಿ ನಾಲ್ಕು ಮಹಡಿಯ ಸ್ಟ್ಯಾಕ್, ಅಂದರೆ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ, ಇದೆ, ಎಕ್ಸ್, ವೈ, ಝಡ್, ಟಿ. ಉದ್ದದ ಲೆಕ್ಕದಲ್ಲಿ ಮಧ್ಯದ ಉತ್ತರಗಳು ತಾವೇ ಮೇಲೆ ಹೋಗಿ ಕಾಯುತ್ತವೆ, ಬ್ರಾಕೆಟ್ ಬೇಡ. ಅಭ್ಯಾಸ ಆದವರು ಬೇರೆ ಮುಟ್ಟುವುದಿಲ್ಲ. ಸಿಂಕ್ಲೇರ್‌ನಲ್ಲಿ ಸ್ಟ್ಯಾಕೇ ಇಲ್ಲ. ಎರಡು ಮೊತ್ತಗಳನ್ನು ಗುಣಿಸಬೇಕು ಅಂದರೆ ಮೊದಲನೆಯದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಲ್ಲಿ ಆರ್‌ಪಿಎನ್ ಬಂದದ್ದು ಬರೀ ಉಳಿತಾಯಕ್ಕೆ. ನಾವು ಬರೆಯುವ ರೀತಿ ಒತ್ತಿದರೆ, ಕೂಡು ಒತ್ತಿದ್ದನ್ನು ನೆನಪಿಟ್ಟುಕೊಂಡು ಮುಂದಿನ ಸಂಖ್ಯೆ ಬರುವ ತನಕ ಕಾಯುವ ಕೋಡ್ ಬೇಕು. ಆರ್‌ಪಿಎನ್‌ನಲ್ಲಿ ಕೀಲಿ ಒತ್ತಿದ ತಕ್ಷಣ ಕೆಲಸ ಮುಗಿಯಿತು. ಚುಕ್ಕೆ ಕೀಲಿ ಬಿಟ್ಟದ್ದೂ ಹಾಗೇ ಅನ್ನಿ. ಅಲ್ಲಿ ಒಂದೊಂದು ಸೂಚನೆಯೂ ಮದುವೆ ಮನೆಯ ಕೊನೇ ಪಂಕ್ತಿಯ ಹೋಳಿಗೆ ಇದ್ದ ಹಾಗೆ.

ಈಗ ರೆಡಿಂಗ್ ಅವರೇ, ನಿಮ್ಮದನ್ನು ಬಿಚ್ಚಿದಿರಾ? ಬ್ಯಾಟರಿ ಜಾಗ ನೋಡಿ ಮೊದಲು.

ರೆಡಿಂಗ್‌ಕನ್ನಡಿಗ:
ನಿನ್ನೆ ರಾತ್ರಿ ಬಿಚ್ಚಿದೆ. ಕೈ ನಡುಗುತ್ತಿತ್ತು, ನಿಜ ಹೇಳುತ್ತೇನೆ. ಒಳಗೆ ನೋಡಿದರೆ ಇಷ್ಟೇನಾ ಅನ್ನಿಸಿತು. ಒಂದು ಬೋರ್ಡ್, ಅದರ ಮೇಲೆ ಒಂದು ದೊಡ್ಡ ಕರೀ ಚಿಪ್, ಸುತ್ತ ಸಣ್ಣಪುಟ್ಟ ಭಾಗಗಳು, ಮೇಲೆ ಗುಳ್ಳೆ ಡಿಸ್‌ಪ್ಲೇ. ಕೆಲವು ಬೆಸುಗೆ ನೀಟಾಗಿದೆ, ಕೆಲವು ಗಂಟು ಗಂಟು. ಹಿಂದೆ ನಾಲ್ಕು ಎಎಎ ಬ್ಯಾಟರಿಯ ಜಾಗದಲ್ಲಿ ಒಂದು ತಗಡಿಗೆ ಹಸಿರು ಹಿಡಿದಿದೆ, ಹಿಂದಿನವರು ಬ್ಯಾಟರಿ ಒಳಗೇ ಬಿಟ್ಟಿರಬೇಕು.

ಸೋಲ್ಡರ್‌ಸುಬ್ಬ:
ಗಂಟು ಬೆಸುಗೆ ಇದ್ದರೆ ಅದು ಕಿಟ್ ಆಗಿ ಕೊಂಡದ್ದಿರಬಹುದು. ಅದನ್ನು ಬಿಡಿ ಭಾಗಗಳಾಗಿಯೂ ಮಾರುತ್ತಿದ್ದರು, ಮನೆಯಲ್ಲೇ ಕೂತು ಬೆಸೆದುಕೊಳ್ಳಿ ಅಂತ. 1976ರ ಹೊತ್ತಿಗೆ ಬೆಲೆ 7 ಪೌಂಡ್‌ಗೆ ಇಳಿದಿತ್ತು. ನೀವು ಅಜ್ಜನಿಗೆ ಜಾಸ್ತಿ ಕೊಟ್ಟಿದ್ದೀರಿ!

ಹಸಿರಿಗೆ: ಕಿವಿ ಸ್ವಚ್ಛ ಮಾಡುವ ಹತ್ತಿ ಕಡ್ಡಿಗೆ ಒಂದೇ ಹನಿ ಬಿಳಿ ವಿನೆಗರ್, ನಿಧಾನವಾಗಿ ಉಜ್ಜಿ. ನಿಂಬೆರಸವೂ ನಡೆಯುತ್ತದೆ. ಬೋರ್ಡ್ ಮೇಲೆ ಹರಿಯಬಾರದು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಂದು ದಿನ ಒಣಗಲು ಬಿಡಿ. ಚಿಪ್ ಕಾಲುಗಳನ್ನು ಸುಮ್ನೆ ಮುಟ್ಟಬೇಡಿ, ಹಳೇ ಎಂಒಎಸ್, ಮೈಯ ಸ್ಥಿರ ವಿದ್ಯುತ್ತಿಗೆ ಸತ್ತುಹೋಗುತ್ತದೆ. ಉಣ್ಣೆ ಸ್ವೆಟರ್ ಹಾಕಿಕೊಂಡು ಅಂತೂ ಬೇಡವೇ ಬೇಡ, ನಿಮ್ಮೂರಿನ ಚಳಿಗೆ ಹಾಕಿರುತ್ತೀರಿ, ಅದಕ್ಕೇ ಹೇಳಿದೆ.

ರೆಡಿಂಗ್‌ಕನ್ನಡಿಗ:
ಬಿಚ್ಚಿದ್ದೇ ಸ್ವೆಟರ್ ಹಾಕಿಕೊಂಡು 🤦 ಆದರೆ ಬದುಕಿದೆ. ವಿನೆಗರ್ ಕೆಲಸ ಮುಗಿಸಿ, ಇವತ್ತು ಸಂಜೆ ಜೋಡಿಸಿದೆ. ಈಗ 1.2ಕ್ಕೆ ಸೈನ್ ಕೊಟ್ಟು ಕೂತಿದ್ದೇನೆ. ಮಗಳು ಬಂದು ಏನಪ್ಪಾ ಮಾಡ್ತಿದೀಯಾ ಅಂದಳು. ಸಾವಿರದ ಇನ್ನೂರು ಎಣಿಸ್ತಾ ಇದೆ, ತಡಿ ಅಂದೆ.

ಮೇಷ್ಟ್ರು_ನಿವೃತ್ತ:
ಎಷ್ಟು ಬಂತು? 0.93204 ಬರಬೇಕು.

ರೆಡಿಂಗ್‌ಕನ್ನಡಿಗ:
ಮೊದಲ ಮೂರಂಕಿ ನಿಮ್ಮದೇ ಮೇಷ್ಟ್ರೇ. ಉಳಿದದ್ದು ಹೇಳುವುದಿಲ್ಲ, ಬೈಯುತ್ತೀರಿ.